ಅರವತ್ತು ಹುಡುಗಿಯರು ಹೆಣ್ಣು ನೋಡಿದ್ದು

ನನ್ನದು ಅನುಮಾನದ ಬುದ್ಧಿ. ಅಂಗಡಿಯವನು ತಾನಾಗಿಯೇ ಬೆಲೆ ಇಳಿಸಿದರೆ ಡಬ್ಬ ತಿರುಗಿಸಿ ತಾರೀಖು ನೋಡುತ್ತೇನೆ. ಯಾರಾದರೂ ನಿಮ್ಮ ಸೀರೆ ಚೆನ್ನಾಗಿದೆ ಅಂದರೆ, ಇವಳಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂದುಕೊಳ್ಳುತ್ತೇನೆ. ಇದು ಅಮ್ಮನಿಂದ ಬಂದ ಬಳುವಳಿ. ‘ಬೆಳ್ಳಗಿರೋದೆಲ್ಲಾ ಹಾಲಲ್ಲ’ ಅನ್ನುವ ಮಾತು ಮೈಸೂರಿನಲ್ಲಿದ್ದಾಗ ಅವಳ ಬಾಯಲ್ಲಿ ದಿನಕ್ಕೊಂದು ಸಲ ಬರುತ್ತಿತ್ತಂತೆ. ಸಮುದ್ರ ದಾಟಿ ಸನ್ನಿವೇಲ್‌ಗೆ ಬಂದ ಮೇಲೆ ನಾಲ್ಕು ಸಲ ಬರತೊಡಗಿತು. ನನ್ನ ಕಾಲೇಜಿನ ಮೊದಲ ವಾರದ ಈ ಸಂಗತಿಯನ್ನು ಬರೆಯಲು ಇಷ್ಟು ವರ್ಷ ತಡೆದದ್ದಕ್ಕೂ ಅದೇ ಬುದ್ಧಿ ಕಾರಣ. ಬರೆದರೆ ನಾನು ಯಾರು ಯಾರನ್ನು ಅನುಮಾನಿಸಿದೆ ಅನ್ನುವುದೆಲ್ಲ ಹೊರಗೆ ಬರುತ್ತದೆ, ಮಾನ ಹೋಗುತ್ತದೆ. ಹೋಗಲಿ, ಈಗ ಯಾರಿಗೆ ಬೇಕು ಆ ಮಾನ.

ನಾವು ಸನ್ನಿವೇಲ್‌ಗೆ ಬಂದಾಗ ನನಗೆ ಆರು ವರ್ಷ. ಅಪ್ಪ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ಆಗ ಅಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು, ಆ ಮನೆಗಳಿಗೆಲ್ಲ ಸಂಬಂಧ ಕುದುರಿಸುವವಳು ಅಮ್ಮ. ಮದುವೆಗೆ ಬಂದ ತಮ್ಮನೋ ನಾದಿನಿಯೋ ಇರುವವರು ಕಾಫಿಯ ನೆಪದಲ್ಲಿ ಬರುತ್ತಿದ್ದರು, ಅಮ್ಮ ಅಡಿಗೆಮನೆಯ ಮೇಜಿನ ಮೇಲೆ ನೀಲಿ ಏರೋಗ್ರಾಂ ಬಿಚ್ಚಿಟ್ಟುಕೊಂಡು ಊರಿಗೆ ಪತ್ರ ಬರೆಯುತ್ತಿದ್ದಳು. ಹುಡುಗಿಯ ಎತ್ತರ, ಬಣ್ಣ, ಓದು, ಒಂದು ಗುಣ, ಒಂದು ದೋಷ. ದೋಷ ಯಾಕಮ್ಮಾ ಅಂತ ಒಮ್ಮೆ ಕೇಳಿದ್ದಕ್ಕೆ, “ಒಂದು ದೋಷಾನಾದ್ರೂ ಬರೀಬೇಕು ಕಣೇ, ಇಲ್ದಿದ್ರೆ ಉಳಿದದ್ದನ್ನ ಯಾರೂ ನಂಬಲ್ಲ” ಅಂದಿದ್ದಳು.

ಅವಳಿಗೆ ಇನ್ನೊಂದು ಕಟ್ಟಳೆ ಇತ್ತು, ಅದನ್ನು ಮುರಿದವರ ಮನೆಗೆ ಮತ್ತೆ ಹೋಗುತ್ತಿರಲಿಲ್ಲ. “ಬೇಡ ಅನ್ನೋದನ್ನ ನೇರವಾಗಿ ಹುಡುಗಿ ಕಿವಿಗೆ ಹಾಕ್ಬಾರ್ದು. ಮೊದ್ಲು ಅವಳ ತಾಯಿಗೆ ಹೇಳ್ಬೇಕು. ತಾಯಿ ಮಗಳಿಗೆ ಹೊಟ್ಟೆ ತುಂಬಾ ಊಟ ಹಾಕಿ, ಆಮೇಲೆ ಜಾತಕ ಕೂಡಿಬರ್ಲಿಲ್ಲ ಅಂತ ಹೇಳ್ಕೋತಾಳೆ.” ಜಾತಕ ನಿಜವಾಗಿ ಕೂಡಿಬಂದಿರುತ್ತಿತ್ತು ಅನ್ನುವುದು ಎಲ್ಲರಿಗೂ ಗೊತ್ತು. ಹುಡುಗಿಗೂ ಗೊತ್ತು. ಆದರೂ ಹಾಗೇ ಹೇಳಬೇಕು.

ಇಂಥ ಗಟ್ಟಿಗಿತ್ತಿಗೆ ಫ್ರೀವೇ ಅನ್ನುವ ಹೆದ್ದಾರಿ ಅಂದರೆ ಮಾತ್ರ ಪ್ರಾಣಭಯ. ಅಪ್ಪ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದುದರಿಂದ ನಮ್ಮ ಉದ್ದನೆಯ ಹಳೆಯ ಸ್ಟೇಷನ್ ವ್ಯಾಗನ್ ಕಾರು ಮನೆಯಲ್ಲೇ ಇರುತ್ತಿತ್ತು. ಅಮ್ಮ ಲೈಸೆನ್ಸು ಮಾಡಿಸಿದ್ದಳು. ಗ್ರೋಸರಿಗೆ, ಲೈಬ್ರರಿಗೆ, ಭಜನೆಗೆ, ಎಲ್ಲಕ್ಕೂ ಊರೊಳಗಿನ ರಸ್ತೆಯಲ್ಲೇ, ಹಿಂದಿನವರು ಹಾರನ್ ಹೊಡೆಯುವಷ್ಟು ನಿಧಾನ. ಪಕ್ಕದೂರು ಮೌಂಟನ್ ವ್ಯೂ ದಾಟಿದರೆ ಅವಳಿಗೆ ಅದು ಪರದೇಶ. “ಫ್ರೀವೇ ಅಂತೆ ಫ್ರೀವೇ. ಯಮನ ಮನೆಗೆ ನೇರ ದಾರಿ ಅದು” ಅನ್ನುತ್ತಿದ್ದಳು.

ಎಂಬತ್ತರ ದಶಕ ಶುರುವಾಗಿ ಕೆಲವೇ ವರ್ಷ. ಕೊಲ್ಲಿಯ ಆಚೆ ದಂಡೆಯ ದೊಡ್ಡ ಯೂನಿವರ್ಸಿಟಿಯಲ್ಲಿ ನನಗೆ ಸೀಟು ಸಿಕ್ಕಿತು. ಆ ಬೇಸಗೆಯಲ್ಲಿ ಮನೆಗೆ ಬಂದ ದಪ್ಪ ಲಕೋಟೆಯೊಳಗೆ ಹಾಸ್ಟೆಲ್ಲಿನ ಕಾಗದಗಳ ಜೊತೆ ಸೊರಾರಿಟಿಗಳ ಒಂದು ಪುಸ್ತಿಕೆಯೂ ಇತ್ತು. ಸೊರಾರಿಟಿ ಅಂದರೆ ಹುಡುಗಿಯರ ಕೂಟ. ಒಂದೊಂದು ಕೂಟಕ್ಕೂ ಗ್ರೀಕ್ ಅಕ್ಷರಗಳ ಹೆಸರು, ಒಂದೊಂದು ದೊಡ್ಡ ಮನೆ. ಅರವತ್ತು ಎಪ್ಪತ್ತು ಹುಡುಗಿಯರು ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಉಂಡು, ಒಬ್ಬರನ್ನೊಬ್ಬರು ಸಿಸ್ಟರ್ ಅಂತ ಕರೆದುಕೊಳ್ಳುತ್ತಾರೆ. ಕ್ಲಾಸು ಶುರುವಾಗುವ ಮೊದಲಿನ ವಾರ ಹೊಸ ಹುಡುಗಿಯರು ಅಲಂಕಾರ ಮಾಡಿಕೊಂಡು ಮನೆಯಿಂದ ಮನೆಗೆ ಹೋಗಬೇಕು. ಅವರು ನೋಡಿ, ಮಾತಾಡಿಸಿ, ತಿಂಡಿ ಕೊಟ್ಟು ಕಳಿಸಿ, ಆಮೇಲೆ ಬಾಗಿಲು ಹಾಕಿಕೊಂಡು ಯಾರು ಬೇಕು ಯಾರು ಬೇಡ ಅಂತ ತೀರ್ಮಾನಿಸುತ್ತಾರೆ. ಬೇಕಾದವಳಿಗೆ ಮರುದಿನ ಮತ್ತೆ ಕರೆ. ಕೊನೆಯ ದಿನ ಲಕೋಟೆಯಲ್ಲಿ ಕಾರ್ಡು. ಈ ವಾರಕ್ಕೆ ರಶ್ ಅಂತ ಹೆಸರು.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅರವತ್ತು ಜನ ಸೇರಿ ಹೆಣ್ಣು ನೋಡೋದಾ?”

“ಹೆಣ್ಣು ನೋಡೋದಲ್ಲಮ್ಮಾ.”

“ಅಲಂಕಾರ ಮಾಡ್ಕೊಂಡು ಹೋಗ್ಬೇಕು ಅಂದೆ. ತಿಂಡಿ ಕೊಡ್ತಾರೆ ಅಂದೆ. ಆಮೇಲೆ ತಿಳಿಸ್ತೀವಿ ಅಂತಾರೆ ಅಂದೆ. ಹೆಣ್ಣು ನೋಡೋದಲ್ದೆ ಇನ್ನೇನೇ ಅದು? ಗಂಡು ಯಾರು, ಅದನ್ನ ಹೇಳು.”

“ಗಂಡು ಯಾರೂ ಇಲ್ಲ.”

“ಗಂಡೇ ಇಲ್ದೆ ಇಷ್ಟೊಂದು ಆರ್ಭಟ ಯಾಕಂತೆ? ಅವರ ಮನೆತನ ಹೇಗೆ ಅಂತ ನಮ್ಮ ಕಡೆಯಿಂದ ಯಾರಾದ್ರೂ ವಿಚಾರಿಸಿದಾರಾ?”

ಅಪ್ಪ ಪೇಪರಿನ ಹಿಂದಿನಿಂದ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಪುಸ್ತಿಕೆಯ ಕೊನೆಯಲ್ಲಿ ಒಂದು ಫಾರಂ ಇತ್ತು. ಈ ಕೂಟಗಳ ಹಳೆಯ ಸದಸ್ಯೆಯರಲ್ಲಿ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಬಲ್ಲವರು ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸಬಹುದು, ಅದರ ಪ್ರತಿ ಎಲ್ಲ ಮನೆಗಳ ಕಡತಕ್ಕೂ ಹೋಗುತ್ತದೆ ಅಂತ. ನಮ್ಮನ್ನು ಬಲ್ಲವರು ಯಾರಿದ್ದರು? ನಮ್ಮ ಬೀದಿಯ ಪಕ್ಕದ ಮನೆಯವರಿಗೆ ನಾವು ಇನ್ನೂ ‘ಒಗ್ಗರಣೆ ವಾಸನೆಯವರು’. “ನನ್ನನ್ನ ಬಲ್ಲವರು ಇಲ್ಲಿ ಯಾರೂ ಇಲ್ಲ, ಬಿಡು” ಅಂದು ಆ ಫಾರಮ್ಮನ್ನು ಹರಿಯದೆ ಹಾಗೇ ಕಸದ ಬುಟ್ಟಿಗೆ ಹಾಕಿದೆ. ಅಮ್ಮ ನಾರು ತೆಗೆಯುವುದನ್ನು ಮುಂದುವರಿಸಿದಳು.

ಇಷ್ಟೆಲ್ಲ ಅನುಮಾನವಿದ್ದವಳು ಹೋದದ್ದಾದರೂ ಯಾಕೆ ಅಂತ ಕೇಳಬಹುದು. ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ಆ ಊರಿನ ಶಾಲೆಗಳಲ್ಲಿ, ಆಟಕ್ಕೆ ಎರಡು ತಂಡ ಆರಿಸುವಾಗ, ಕೊನೆಗೆ ಉಳಿಯುವವಳು ನಾನು. ಕೊನೆಯವಳನ್ನು ಯಾರೂ ಆರಿಸುವುದಿಲ್ಲ. ಅವಳು ಒಂದು ತಂಡದ ಪಾಲಿಗೆ ಬೀಳುತ್ತಾಳೆ. ಒಂದು ಸಲ, ಒಂದೇ ಒಂದು ಸಲ, ಯಾರಾದರೂ ನನ್ನ ಮುಖ ನೋಡಿ ‘ಇವಳು ನಮಗೆ ಬೇಕು’ ಅನ್ನಲಿ ಅಂತ ನನಗೆ ಆಸೆಯಿತ್ತು. ಅದೇನು ದೊಡ್ಡ ಆಸೆಯೇ? ಆ ವಯಸ್ಸಿಗೆ ಅದು ಇಡೀ ಪ್ರಪಂಚ.

ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟು ಒಳನಾಡಿನ ಕಣಿವೆಯ ಕಡೆಯ ಬಾದಾಮಿ ತೋಟದವರ ಮಗಳು. ಕೆಂಚು ಕೂದಲು, ಮೊಣಕೈವರೆಗೂ ನಸುಗಂದು ಮಚ್ಚೆಗಳು. ಅವಳ ಬಗ್ಗೆ ಬರೆದು ಕಳಿಸಲು ಅಮ್ಮ, ಅಜ್ಜಿ, ಇಬ್ಬರು ಅತ್ತೆಯರು, ಚರ್ಚಿನ ಇಬ್ಬರು ಹೆಂಗಸರು ಇದ್ದರು. ಬಂದ ಮೊದಲ ದಿನವೇ ನನ್ನ ಹೆಸರನ್ನು ಸರಿಯಾಗಿ ಹೇಳಲು ಹತ್ತು ಸಲ ಅಭ್ಯಾಸ ಮಾಡಿದಳು. ನಾನು ಮೊಟ್ಟೆ ಕೂಡ ತಿನ್ನುವುದಿಲ್ಲ ಅಂದಾಗ, ಕ್ಯಾಂಟೀನಿನಲ್ಲಿ ಕೇಕಿಗೆ ಮೊಟ್ಟೆ ಹಾಕಿದ್ದಾರಾ ಅಂತ ನನ್ನ ಪರವಾಗಿ ವಿಚಾರಿಸಿಕೊಂಡು ಬಂದಳು. ಇಷ್ಟು ಒಳ್ಳೆಯವಳು ಯಾಕಿದ್ದಾಳೆ ಅಂತ ನನಗೆ ಅವತ್ತೇ ಒಂಥರಾ ಆಗಿತ್ತು.

ಮೊದಲ ದಿನ ಹತ್ತಾರು ಮನೆ. ಪ್ರತಿ ಮನೆಯ ಬಾಗಿಲು ತೆರೆದ ಕೂಡಲೇ ಒಳಗಿನಿಂದ ಅರವತ್ತು ಹುಡುಗಿಯರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಎಲ್ಲರಿಗೂ ಉಬ್ಬಿಸಿದ ಕೂದಲು, ಎಲ್ಲರ ಕತ್ತಿನಲ್ಲಿ ಒಂದೇ ಬಗೆಯ ಮುತ್ತಿನ ಸರ. ಒಬ್ಬಳು ಬಂದು ಕೈ ಹಿಡಿದು ಕರೆದೊಯ್ದು ನಿಂಬೆ ಪಾನಕ ಕೊಟ್ಟು ‘ನಿನ್ನ ಓದು ಏನು’ ಅಂತ ಕೇಳುತ್ತಾಳೆ. ಉತ್ತರ ಮುಗಿಯುವ ಮೊದಲೇ ಇನ್ನೊಬ್ಬಳು ಬರುತ್ತಾಳೆ, ಮೊದಲನೆಯವಳು ಮಾಯ. ಮೂರನೆಯ ಮನೆಯ ಹೊತ್ತಿಗೆ ನಾನು ಅವರ ಗುಟ್ಟು ಹಿಡಿದುಬಿಟ್ಟೆ: ಮಾತಾಡುತ್ತಿರುವವಳು ಕಿವಿಯ ಓಲೆ ಮುಟ್ಟಿಕೊಂಡರೆ, ‘ಇವಳ ಹತ್ತಿರ ಸಾಕಾಯ್ತು, ಬಿಡಿಸು’ ಅಂತ ಅರ್ಥ. ನನ್ನ ಎದುರಿಗೆ ಕೂತವರೆಲ್ಲ ಬೇಗ ಬೇಗ ಓಲೆ ಮುಟ್ಟಿಕೊಳ್ಳುತ್ತಿದ್ದರು. ಒಬ್ಬಳು ನಿಮ್ಮಲ್ಲಿ ಆನೆ ಸಾಕುತ್ತೀರಾ ಅಂತ ಕೇಳಿ ಓಲೆ ಮುಟ್ಟಿಕೊಂಡಳು. ಮೈಸೂರಿನವಳಾದ್ದರಿಂದ ಇಲ್ಲ ಅಂತ ಧೈರ್ಯವಾಗಿ ಹೇಳಲೂ ಆಗಲಿಲ್ಲ.

ಗುಡ್ಡದ ಏರಿನಲ್ಲಿ, ಕಂದು ಬಣ್ಣದ ಮರದ ಹಲಗೆಗಳ ಒಂದು ಮನೆ. ಜಗಲಿಯಿಂದ ಇಡೀ ಕೊಲ್ಲಿ ಕಾಣುತ್ತಿತ್ತು. ಅಲ್ಲಿ ನನ್ನ ಜೊತೆ ಕೂತವಳು ಮೂರನೆಯ ವರ್ಷದವಳು. ನಕ್ಕರೆ ಮೇಲಿನ ಒಸಡು ಪೂರ್ತಿ ಕಾಣುತ್ತಿತ್ತು, ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವೂ ಇರಲಿಲ್ಲ. “ಈ ಬೂಟು ಕಚ್ಚುತ್ತಿದೆ, ಎದ್ದು ನಿಂತರೆ ಅಳು ಬರುತ್ತೆ, ದಯವಿಟ್ಟು ಇಲ್ಲೇ ಕೂತಿರೋಣ” ಅಂದಳು. ಬಿಡಿಸಲು ಬಂದ ಇನ್ನೊಬ್ಬಳನ್ನು ಕೈಬೀಸಿ ಕಳಿಸಿದಳು. ಅವಳ ಓಲೆಯನ್ನೇ ನೋಡುತ್ತ ಕೂತೆ. ಕೊನೆಯವರೆಗೂ ಮುಟ್ಟಲಿಲ್ಲ. ನನಗೆ ಆ ಮನೆ ಬೇಕಿತ್ತು, ಬೇರೆ ಯಾವುದೂ ಬೇಡವಾಗಿತ್ತು. ರೂಮ್‌ಮೇಟಿಗೂ ಅದೇ ಮನೆ ಹಿಡಿಸಿತ್ತು.

ಎರಡನೆಯ ದಿನ ಬೆಳಿಗ್ಗೆ ನನಗೆ ನಾಲ್ಕೇ ಮನೆಗಳಿಂದ ಕರೆ ಬಂದಿತ್ತು, ಅದರಲ್ಲಿ ಗುಡ್ಡದ ಮನೆಯೂ ಒಂದು. ಬಾಗಿಲಲ್ಲೇ ಒಸಡಿನ ಹುಡುಗಿ ಕಾದಿದ್ದಳು. ನನ್ನ ಹೆಸರು ಹಿಡಿದು ಕರೆದಳು. ಹಿಂದಿನ ದಿನ ನನ್ನ ಹೆಸರನ್ನು ಮೂರು ತುಂಡು ಮಾಡಿದ್ದವಳು ಅವತ್ತು ದೀರ್ಘವನ್ನೂ ಬಿಡದೆ, ನಮ್ಮಮ್ಮ ಕರೆದ ಹಾಗೆ ಕರೆದಳು. ಆಮೇಲೆ ಒಳಗಿನಿಂದ ಒಂದು ತಟ್ಟೆ ತಂದಳು. “ಇದು ನಿನಗಂತಲೇ ಬೇರೆ ಇಟ್ಟದ್ದು. ಮಾಂಸ ಇಲ್ಲ, ಮೊಟ್ಟೆ ಇಲ್ಲ, ನಾನೇ ಡಬ್ಬದ ಮೇಲೆ ಓದಿ ನೋಡಿದ್ದೇನೆ” ಅಂದಳು. ಕೊನೆಯಲ್ಲಿ, ನಾನು ಹೊರಡುವಾಗ, ತಗ್ಗಿದ ದನಿಯಲ್ಲಿ, “ನಿನಗೆ ಜನರನ್ನು ನಂಬೋದು ಕಷ್ಟ ಅಲ್ವಾ? ಪರವಾಗಿಲ್ಲ, ಅವಸರ ಏನಿಲ್ಲ” ಅಂದಳು.

ಬೇರೆ ಯಾರಾದರೂ ಆಗಿದ್ದರೆ ಕರಗಿಹೋಗುತ್ತಿದ್ದರು. ನಾನು ಮೆಟ್ಟಿಲಿಳಿಯುತ್ತ ಒಂದೊಂದನ್ನೇ ಎಣಿಸತೊಡಗಿದೆ. ಇವಳಿಗೆ ಇದೆಲ್ಲ ಹೇಗೆ ಗೊತ್ತು? ನನ್ನ ಹೆಸರಿನ ದೀರ್ಘ, ಮೊಟ್ಟೆಯ ವಿಷಯ, ನನ್ನ ಬುದ್ಧಿ. ಆ ಊರಲ್ಲಿ ಇಷ್ಟು ಗೊತ್ತಿದ್ದವಳು ಒಬ್ಬಳೇ. ಅವಳು ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದಳು.

ಸಂಜೆ ರೂಮಿಗೆ ಬಂದವಳೇ ಅವಳ ಮೇಲೆ ಎಗರಿದೆ. “ನನ್ನ ವಿಷಯ ಮಾರಿಕೊಂಡು ಒಳಗೆ ಹೋಗ್ತಿದೀಯಾ? ಪಾಪದ ಇಂಡಿಯನ್ ರೂಮ್‌ಮೇಟು, ಮೊಟ್ಟೆ ತಿನ್ನಲ್ಲ, ಯಾರನ್ನೂ ನಂಬಲ್ಲ, ನಾನು ಅವಳನ್ನ ಎಷ್ಟು ಚೆನ್ನಾಗಿ ನೋಡ್ಕೋತೀನಿ ಗೊತ್ತಾ ಅಂತ ಹೇಳಿಕೊಂಡೆಯಾ?”

ಅವಳು ಕೂದಲು ಬಾಚುತ್ತಿದ್ದವಳು ಹಾಗೇ ತಿರುಗಿದಳು. “ನಾನು ಯಾರ ಹತ್ತಿರಾನೂ ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ” ಅಂದಳು.

“ಹಾಗಾದ್ರೆ ಗೋಡೆ ಹೇಳಿತಾ?”

ಮಚ್ಚೆಗಳ ನಡುವಿನ ಚರ್ಮವೆಲ್ಲ ಕೆಂಪಾಯಿತು. ಬಾಚಣಿಗೆ ಕೆಳಗಿಟ್ಟು ಹೊರಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅಂತ ನಾನು ಗೆದ್ದವಳ ಹಾಗೆ ಕೂತೆ. ಆ ಸಂಜೆಯಿಂದ ನಾವು ಒಂದೇ ಕೋಣೆಯಲ್ಲಿ ಮಾತಿಲ್ಲದೆ ಇದ್ದೆವು.

ಮೂರನೆಯ ದಿನ ಎರಡೇ ಮನೆ. ಬಿಳಿ ಬಟ್ಟೆ, ಮೇಣದಬತ್ತಿ, ಮೆಲುದನಿಯ ಹಾಡು. ಗುಡ್ಡದ ಮನೆಯಲ್ಲಿ ಒಸಡಿನ ಹುಡುಗಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು, ಅವಳ ಕಣ್ಣಲ್ಲಿ ನೀರಿತ್ತು. “ಏನೇ ಆದರೂ, ನಿನ್ನನ್ನ ನೋಡಿದ್ದು ನನಗೆ ಸಂತೋಷ” ಅಂದಳು. ಏನೇ ಆದರೂ ಅಂದರೆ? ಅತಿ ವಿನಯ ಧೂರ್ತ ಲಕ್ಷಣ. ಇವಳು ಇವತ್ತು ಎಷ್ಟನೆಯವಳ ಕೈ ಹಿಡಿದು ಅಳುತ್ತಿದ್ದಾಳೋ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಆದರೂ ಹೊರಗೆ ಬಂದು, ಇಷ್ಟದ ಮನೆಗಳನ್ನು ಕ್ರಮವಾಗಿ ಬರೆಯಬೇಕಾದ ಕಾರ್ಡಿನಲ್ಲಿ, ಆ ಒಂದೇ ಮನೆಯ ಹೆಸರು ಬರೆದೆ. ಕೆಳಗಿನ ಸಾಲನ್ನು ಖಾಲಿ ಬಿಟ್ಟೆ. ಖಾಲಿ ಬಿಡಬೇಡ, ಸಿಗದಿದ್ದರೆ ಯಾವುದೂ ಸಿಗುವುದಿಲ್ಲ ಅಂತ ಕಾರ್ಡು ತೆಗೆದುಕೊಂಡವಳು ಎರಡು ಸಲ ಹೇಳಿದಳು. ಬೇಕಂತಲೇ ಹೀಗೆ ಹೆದರಿಸಿ ಬೇರೆ ಮನೆಗೆ ತಳ್ಳುತ್ತಾರೆ ಅಂತ ಅವಳನ್ನೂ ಅನುಮಾನಿಸಿದೆ.

ಆ ಮನೆಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ವರ್ಷ ವರ್ಷದ ಗುಂಪು ಫೋಟೋಗಳಿದ್ದವು. ಸಾಲು ಸಾಲು ಮುಖಗಳು, ನನ್ನ ಬಣ್ಣದ್ದು ಒಂದೂ ಇಲ್ಲ. ಅದನ್ನು ನಾನು ಮೊದಲ ದಿನವೇ ನೋಡಿದ್ದೆ. ಓಲೆ ಮುಟ್ಟಿದ್ದನ್ನು, ತಟ್ಟೆ ತಂದದ್ದನ್ನು, ಕಣ್ಣೀರನ್ನು, ಎಲ್ಲವನ್ನೂ ಅನುಮಾನಿಸಿದವಳು ಆ ಗೋಡೆಯೊಂದನ್ನು ಮಾತ್ರ ಅನುಮಾನಿಸಲಿಲ್ಲ. ನನಗೆ ಅಷ್ಟು ಬೇಕಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಲಕೋಟೆ ಹಂಚುವುದು. ನಾನು ಎರಡಕ್ಕೇ ತಲೆಗೆ ಸ್ನಾನ ಮಾಡಿ ಕೂತಿದ್ದೆ. ಯಾರೋ ಬಾಗಿಲು ತಟ್ಟಿದರು. ತೆಗೆದು ನೋಡಿದರೆ ಅಮ್ಮ!

ಮನೆಯಲ್ಲಿ ಉಡುವ ಹಳೆಯ ಸೀರೆ. ಬೆನ್ನೆಲ್ಲ ಬೆವರಿ ಸೆರಗು ಅಂಟಿಕೊಂಡಿತ್ತು. ತುಟಿ ಒಣಗಿತ್ತು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್ರು, ಅದರ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

“ಸುಮ್ನೆ ಬಂದೆ ಕಣೇ” ಅಂದಳು. “ಬಿಸಿಬೇಳೆ ಬಾತ್ ಮಾಡಿದ್ದೆ. ನಿಂಗಿಷ್ಟ ಅಂತ. ಬಾ, ಬಿಸಿ ಇರುವಾಗ್ಲೇ ತಿಂದುಬಿಡು.”

ಸುಮ್ಮನೆ! ಮನೆಯಿಂದ ಹೊರಟು ವಾರವಾಗಿಲ್ಲ, ಸುಮ್ಮನೆ ಬರುವುದಂತೆ. ವಾರದ ಮಧ್ಯೆ ಅಪ್ಪನಿಗೆ ರಜೆ ಹಾಕಿಸಿ, ಅವರಿಂದ ಕಾರು ಓಡಿಸಿಕೊಂಡು ಬಂದಿದ್ದಾಳೆ. ಅಪ್ಪ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾರೆ. ಇಬ್ಬರೂ ಸೇರಿ ಹೂಡಿದ ಸಂಚು ಇದು ಅಂತ ನನಗೆ ಕ್ಷಣದಲ್ಲಿ ಹೊಳೆಯಿತು.

“ಯಾಕೆ ಬಂದೆ? ನಿಜ ಹೇಳು.”

“ಮೊದ್ಲು ಎರಡು ತುತ್ತು ತಿನ್ನು. ಆಮೇಲೆ ಮಾತಾಡೋಣ.” ಮಂಚದ ಮೇಲೆ ಕೂತು ಕ್ಯಾರಿಯರ್ ಬಿಚ್ಚಲು ನೋಡಿದಳು. ಎರಡು ಸಲ ಎಳೆದರೂ ಕೊಕ್ಕೆ ಬಿಚ್ಚಿಕೊಳ್ಳಲಿಲ್ಲ. “ಇವತ್ತು ನನ್ ಜೊತೆ ಮನೆಗ್ ಬರ್ತೀಯಾ? ಎರಡು ದಿನ ಇದ್ದು ಬರುವಿಯಂತೆ.”

“ಗೊತ್ತಿತ್ತು ನಂಗೆ! ಇವತ್ತೇ ಕರ್ಕೊಂಡು ಹೋಗ್ಬೇಕು ಅಂತ ಬಂದಿದೀಯಾ. ನಾಲ್ಕು ಗಂಟೆಗೆ ನಾನು ಅಲ್ಲಿ ಇರಬಾರ್ದು ಅಂತ!”

ಅವಳು ನನ್ನನ್ನೇ ನೋಡಿದಳು. “ಯಾವುದಕ್ಕೂ ಕೂಡಿಬರಬೇಕು ಕಣೇ” ಅಂದಳು.

“ಏನು ಕೂಡಿಬರಬೇಕು? ಅವರ ಮನೆಗೆ ಹೋಗಿದ್ಯಾ ನೀನು? ಈ ಸೀರೇಲಿ, ಈ ಕ್ಯಾರಿಯರ್ ಹಿಡ್ಕೊಂಡು ಅವರ ಮನೆತನ ವಿಚಾರಿಸೋಕೆ ಹೋಗಿದ್ಯಾ?”

“ಇಲ್ವೇ, ನಾನ್ಯಾಕೆ...”

“ನಾನು ಎಲ್ಲಾದ್ರೂ ಸೇರೋದು ನಿಂಗೆ ಬೇಕಿಲ್ಲ. ನಿನ್ನ ಹಾಗೆ ಎಲ್ಲರನ್ನೂ ಹೊರಗೆ ನಿಲ್ಸಿ ಒಳಗೆ ಕೂತ್ಕೊಂಡಿರಬೇಕು, ಅಲ್ವಾ?” ಕ್ಯಾರಿಯರ್ ಎತ್ತಿ ಅವಳ ಕೈಗೆ ತುರುಕಿದೆ. “ಹೋಗು. ಅಪ್ಪ ಕಾರಲ್ಲಿ ಕಾಯ್ತಿರ್ತಾರೆ.”

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, “ಹ್ಞೂ” ಅಂದಳು. ಬಾಗಿಲ ಹತ್ತಿರ ನಿಂತು ನನ್ನ ಒದ್ದೆ ಕೂದಲು ಮುಟ್ಟಿ, “ಸರಿಯಾಗಿ ಒರೆಸ್ಕೋ, ಶೀತ ಆಗುತ್ತೆ” ಅಂದು ಹೋದಳು. ನಾನು ಕಿಟಕಿಗೆ ಹೋಗಿ ಕೂಡ ನೋಡಲಿಲ್ಲ.

ನಾಲ್ಕು ಗಂಟೆಗೆ ಕೊಟ್ಟ ಲಕೋಟೆಯಲ್ಲಿ ಕಾರ್ಡು ಇರಲಿಲ್ಲ. ‘ಭಾಗವಹಿಸಿದ್ದಕ್ಕೆ ವಂದನೆಗಳು’ ಅನ್ನುವ ಒಂದು ಸಾಲಿನ ಅಚ್ಚಿನ ಚೀಟಿ ಇತ್ತು. ಸುತ್ತಲೂ ಹುಡುಗಿಯರು ಕಿರುಚಿ ಕುಣಿದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಅವರ ನಡುವೆ ನನ್ನ ರೂಮ್‌ಮೇಟೂ ಇದ್ದಳು, ಅವಳಿಗೆ ಗುಡ್ಡದ ಮನೆ ಸಿಕ್ಕಿತ್ತು. ನನ್ನನ್ನು ನೋಡಿ ಹತ್ತಿರ ಬರಲು ಹೆಜ್ಜೆ ಇಟ್ಟಳು. ನಾನು ಬೆನ್ನು ತಿರುಗಿಸಿ ಹೊರಟೆ. ರೂಮಿಗೆ ಬಂದು ಹೊಟ್ಟೆ ಹಸಿದು, ಮೆಷೀನಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಅದನ್ನು ತಿನ್ನುತ್ತ ಬಿಕ್ಕಿ ಬಿಕ್ಕಿ ಅತ್ತೆ. ಕೋಣೆಯಲ್ಲಿ ಇನ್ನೂ ತುಪ್ಪದ ಒಗ್ಗರಣೆಯ ವಾಸನೆ ಇತ್ತು.

ಅಳು ನಿಂತ ಮೇಲೆ ತೀರ್ಪು ಕೊಟ್ಟೆ. ಅಮ್ಮ ನನ್ನ ಹತ್ತಿರ ಬರುವ ಮೊದಲು ಅವರ ಮನೆಗೆ ಹೋಗಿದ್ದಾಳೆ. ಅಥವಾ ಫೋನ್ ಮಾಡಿ ಏನೋ ಅಧಿಕಪ್ರಸಂಗ ಮಾಡಿದ್ದಾಳೆ. ಇಲ್ಲದಿದ್ದರೆ ‘ಕೂಡಿಬರಬೇಕು’ ಅಂತ ಎರಡು ಗಂಟೆಗೇ ಅವಳಿಗೆ ಹೇಗೆ ಗೊತ್ತಾಗಬೇಕು? ಇದನ್ನು ಅವಳನ್ನು ಕೇಳಲೇ ಇಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ ಅಂತ ನನಗೆ ಖಾತ್ರಿಯಿತ್ತು. ಸನ್ನಿವೇಲ್‌ಗೆ ಹೋಗುವುದನ್ನು ಕಡಿಮೆ ಮಾಡಿದೆ. ಹೋದರೂ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಸಂಚಿನಲ್ಲಿ ಪಾಲುದಾರರೆಂದು ಅಪ್ಪನ ಮೇಲೂ ಮುನಿಸು ಇಟ್ಟುಕೊಂಡೆ. ಪಾಪ, ಅವರಿಗೆ ತಮ್ಮ ಅಪರಾಧ ಏನೆಂದೇ ತಿಳಿಯುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷ ಕಳೆಯಿತು.

ಕೊನೆಯ ವರ್ಷ, ಪರೀಕ್ಷೆ ಮುಗಿಯುವ ಹೊತ್ತಿಗೆ, ನಾನು ಕೆಲಸ ಮಾಡುತ್ತಿದ್ದ ಲೈಬ್ರರಿಯ ಮೇಜಿನ ಮುಂದೆ ಆ ಹಳೆಯ ರೂಮ್‌ಮೇಟು ಬಂದು ನಿಂತಳು. ಮೊದಲ ಜನವರಿಯಲ್ಲೇ ಗುಡ್ಡದ ಮನೆಗೆ ಹೋಗಿದ್ದವಳು. ಅಲ್ಲಿಂದೀಚೆಗೆ ಎದುರು ಸಿಕ್ಕರೂ ಇಬ್ಬರೂ ರಸ್ತೆಯ ಬದಿ ಬದಲಿಸುತ್ತಿದ್ದೆವು. ಕೈಯಲ್ಲಿ ಒಂದು ಲಕೋಟೆ.

“ನಮ್ಮ ಮನೆಯ ಹಳೇ ಕಡತ ಖಾಲಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಇದು ಸಿಕ್ಕಿತು. ಎಸೆಯೋಕೆ ಮನಸ್ಸಾಗಲಿಲ್ಲ” ಅಂದಳು. ಸ್ವಲ್ಪ ತಡೆದು, “ನಾನು ನಿನ್ನ ವಿಷಯ ಯಾರಿಗೂ ಹೇಳಿರಲಿಲ್ಲ” ಅಂದಳು.

ಇವಳಿಗೆ ನನ್ನಿಂದ ಏನಾಗಬೇಕಾಗಿದೆ ಅಂತಲೇ ನನ್ನ ಮನಸ್ಸು ಮೊದಲು ಕೇಳಿತು. ಲಕೋಟೆಯ ಅಂಟು ಯಾರಾದರೂ ಬಿಚ್ಚಿ ಮತ್ತೆ ಹಚ್ಚಿದ್ದಾರಾ ಅಂತ ತಿರುಗಿಸಿ ನೋಡಿದೆ. ಆಮೇಲೆ ಒಳಗಿನ ಹಾಳೆ ತೆಗೆದೆ. ಕಸದ ಬುಟ್ಟಿಗೆ ಹಾಕಿದ್ದ ಫಾರಂನ ಝೆರಾಕ್ಸ್ ಪ್ರತಿ. ಮೂಲೆಯಲ್ಲಿ ಹುರುಳಿಕಾಯಿ ನೀರಿನ ಕಲೆ ಕೂಡ ಅಚ್ಚಾಗಿ ಬಂದಿತ್ತು. ಒಳಗೆ ಅಮ್ಮನ ದುಂಡು ಅಕ್ಷರ. ಅವಳ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

“ಮಾನ್ಯರ ಸನ್ನಿಧಿಗೆ. ತನ್ನನ್ನು ಬಲ್ಲವರು ಇಲ್ಲಿ ಯಾರೂ ಇಲ್ಲವೆಂದು ನನ್ನ ಮಗಳು ಈ ಕಾಗದವನ್ನು ಎಸೆದಿದ್ದಾಳೆ. ನಾನು ನಿಮ್ಮ ಸದಸ್ಯೆಯಲ್ಲ. ಆದರೆ ಅವಳನ್ನು ಹುಟ್ಟಿದಾಗಿನಿಂದ ಬಲ್ಲೆ. ಎತ್ತರ ಐದು ಅಡಿ ಎರಡು ಅಂಗುಲ. ಗೋಧಿ ಬಣ್ಣ. ಓದಿನಲ್ಲಿ ಮುಂದು. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಹೆಸರನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ, ಗೆರೆ ಎಳೆದಲ್ಲಿ ಉದ್ದ ಮಾಡಿ ಕರೆಯಬೇಕು. ಗುಣ: ಒಮ್ಮೆ ತನ್ನವರು ಅಂದುಕೊಂಡರೆ ಕೈ ಬಿಡುವುದಿಲ್ಲ. ದೋಷ: ಯಾರನ್ನೂ ಬೇಗ ನಂಬುವುದಿಲ್ಲ. ಅದು ಅವಳ ತಪ್ಪಲ್ಲ, ನಾನು ಕಲಿಸಿದ್ದು. ನಮ್ಮಲ್ಲಿ ಒಂದು ಪದ್ಧತಿ ಇದೆ. ನೀವು ಅವಳನ್ನು ಬೇಡವೆನ್ನುವುದಾದರೆ ದಯವಿಟ್ಟು ಮೊದಲು ನನಗೆ ಫೋನ್ ಮಾಡಿ. ಅವಳಿಗೆ ಗೊತ್ತಾಗುವಾಗ ನಾನು ಅವಳ ಹತ್ತಿರ ಇರಬೇಕು.”

ಕೆಳಗೆ ನಮ್ಮ ಮನೆಯ ನಂಬರು. ಅದರ ಪಕ್ಕದಲ್ಲಿ ಬೇರೆಯವರ ಕೈಯಲ್ಲಿ, ಪೆನ್ಸಿಲ್ಲಿನಲ್ಲಿ: ‘ಬೆಳಿಗ್ಗೆ ಎಂಟೂವರೆಗೆ ತಾಯಿಗೆ ಫೋನ್ ಮಾಡಿದೆ.’

ಈ ಕಾಗದ ಎಲ್ಲ ಮನೆಗಳ ಕಡತಕ್ಕೂ ಹೋಗಿತ್ತು, ಫೋನ್ ಮಾಡಿದವಳು ಒಬ್ಬಳೇ. ಪೆನ್ಸಿಲ್ಲಿನ ಅಕ್ಷರ ಒಸಡು ಕಾಣುವ ಆ ಹುಡುಗಿಯದು ಅಂತ ರೂಮ್‌ಮೇಟು ಹೇಳಿದಳು. ನನಗಾಗಿ ಮೀಟಿಂಗಿನಲ್ಲಿ ಜಗಳವಾಡಿ, ಸೋತು, ಆ ವರ್ಷವೇ ಮನೆ ಬಿಟ್ಟಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ ನಾನು. ತಪ್ಪಾಯಿತು ಅಂದೆ ರೂಮ್‌ಮೇಟಿಗೆ. ಅವಳು ತಲೆಯಾಡಿಸಿದಳು, “ನಾಲ್ಕು ವರ್ಷ ಆಯ್ತು” ಅಂದಳು, ಹೊರಟುಹೋದಳು. ಕ್ಷಮಿಸಿದೆ ಅಂತ ಹೇಳಲಿಲ್ಲ. ಯಾಕೆ ಹೇಳಬೇಕು?

ಆ ವಾರದ ಕೊನೆಗೆ ಸನ್ನಿವೇಲ್‌ಗೆ ಹೋದೆ. ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಒಲೆಯ ಮುಂದೆ ಇದ್ದಳು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ತನ್ನದೇ ಅಕ್ಷರವನ್ನು ಓದಿ, “ಅಯ್ಯೋ ರಾಮ, ಇನ್ನೂ ಇಟ್ಕೊಂಡಿದ್ರಾ ಇದನ್ನ” ಅಂದಳು.

“ಯಾಕಮ್ಮಾ ಅವತ್ತೇ ಹೇಳ್ಲಿಲ್ಲ?” ನಾಲ್ಕು ವರ್ಷದ ಮೇಲೆ ಅವಳೊಂದಿಗೆ ಕನ್ನಡದಲ್ಲಿ ಮಾತಾಡಿದೆ.

“ನೀನು ಊಟಾನೇ ಮಾಡ್ಲಿಲ್ವಲ್ಲೇ. ಊಟ ಹಾಕ್ದೆ ಹೇಗೆ ಹೇಳ್ಲಿ?” ಅಂದಳು. “ಆ ಹುಡುಗಿ ಫೋನಲ್ಲಿ ಅಳ್ತಿದ್ಲು ಕಣೇ. ಸಾರಿ, ಸಾರಿ ಅಂತ. ನಾನೇ ಸಮಾಧಾನ ಮಾಡ್ದೆ. ಅಳ್ಬೇಡಮ್ಮಾ, ಜಾತಕ ಕೂಡಿಬರ್ಲಿಲ್ಲ ಅಷ್ಟೇ ಅಂದೆ. ಅದಕ್ಕೇನು ಅರ್ಥ ಆಯ್ತೋ ಏನೋ.”

“ಅಪ್ಪನಿಗೂ ಗೊತ್ತಿತ್ತು. ಅವರೂ ಹೇಳ್ಲಿಲ್ಲ.”

“ಅವರಿಗೆಲ್ಲಿ ಗೊತ್ತು? ಅವರು ಆಫೀಸಲ್ಲಿದ್ರು. ಇವತ್ತಿಗೂ ಗೊತ್ತಿಲ್ಲ.”

ಒಲೆಯ ಮೇಲೆ ಬೇಳೆ ಉಕ್ಕಿತು. ಅವಳು ಹೋಗಿ ಉರಿ ಸಣ್ಣ ಮಾಡಿ ಬಂದಳು. ಅಷ್ಟು ಹೊತ್ತು ನಾನು ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದೆ.

“ಮತ್ತೆ ಅವತ್ತು ಯಾರು ಕರ್ಕೊಂಡು ಬಂದ್ರು ನಿನ್ನ?”

“ಯಾರು ಬರ್ತಾರೆ? ನಾನೇ ಬಂದೆ, ಕಾರ್ ತಗೊಂಡು.”

“ಫ್ರೀವೇಲಿ?”

“ಇನ್ನೇನು ಆಕಾಶದಲ್ಲಾ? ಹೋಗುವಾಗ ಏನೂ ಅನ್ನಿಸ್ಲಿಲ್ಲ. ನಾಲ್ಕು ಗಂಟೆ ಒಳಗೆ ನಿನ್ನ ಸೇರ್ಕೋಬೇಕು, ಅಷ್ಟೇ ತಲೇಲಿ. ಬರುವಾಗ್ಲೇ ಕಷ್ಟ ಆಗಿದ್ದು. ಆ ಲಾರಿಗಳ ಮಧ್ಯೆ ಕಾಲು ನಡುಗೋಕೆ ಶುರುವಾಯ್ತು. ಎಲ್ಲೋ ಒಂದ್ ಕಡೆ ಇಳಿದು ಗ್ಯಾಸ್ ಸ್ಟೇಷನ್ನಲ್ಲಿ ನಿಲ್ಲಿಸ್ಕೊಂಡು, ಆ ಬಿಸಿಬೇಳೆ ಬಾತ್ ನಾನೇ ತಿಂದೆ.” ಅಮ್ಮ ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೆ ಕೊಟ್ಟಳು. “ಉಪ್ಪೇ ಹಾಕಿರ್ಲಿಲ್ಲ ಕಣೇ ಅದಕ್ಕೆ, ಗಡಿಬಿಡೀಲಿ. ನೀನು ತಿನ್ನದೇ ಇದ್ದದ್ದೇ ಒಳ್ಳೇದಾಯ್ತು.”

ಆ ಮಾತನ್ನೂ ನಾನು ನಂಬಲಿಲ್ಲ.